ಲೆಕ್ಕಕ್ಕುಂಟು, ಆಟಕ್ಕಿಲ್ಲ: ಮತ್ತೆ ಮತ್ತೆ ಪೆಟ್ಟು ತಿನ್ನುವ ಆಟಗಾರನಿಗೆ ಕನ್ನಡದಲ್ಲಿ ಏನನ್ನುವುದು?

ಬಲ್ಲವರೆ,

ಕಳೆದ ವಾರ ನಾನು ಕೇಳಿದ್ದು ಒಂದೇ ಸಾಲಿನ ಪ್ರಶ್ನೆ: ಮೇಲಿಂದ ಮೇಲೆ ಪೆಟ್ಟಾಗಿ ತಂಡದಿಂದ ಹೊರಗುಳಿಯುವ ಆಟಗಾರನಿಗೆ ಒಂದು ಪದ ಬೇಕು, ಇದೆಯೇ? ನಾಲ್ಕು ಉತ್ತರ ಬಂದವು. ಗಾಯಾಳು, ಗಾಯಪೀಡಿತ, ಗಾಯಪ್ರವಣ, ಗಾಯಗುಳಿ. ಉಪಕಾರವಾಯಿತು. ಆದರೆ ನಾಲ್ಕನ್ನೂ ಒಂದೊಂದಾಗಿ ನನ್ನ ಬರಹದಲ್ಲಿ ಕೂರಿಸಿ ಓದಿಕೊಂಡಾಗ, ಅದೇ ಮನುಷ್ಯನ ಮೇಲೆ ನಾಲ್ಕು ಬೇರೆ ಬೇರೆ ತೀರ್ಪು ಬಂದಂತಾಯಿತು. ಆದ್ದರಿಂದ ಸಂದರ್ಭವನ್ನು ಪೂರ್ತಿ ಬಿಡಿಸಿಟ್ಟು ಇನ್ನೊಮ್ಮೆ ಕೇಳುತ್ತಿದ್ದೇನೆ.

ನಾನಿರುವುದು ಪರ್ತ್‌ನಲ್ಲಿ. ಇಲ್ಲಿನ ಕನ್ನಡದವರು ಸೇರಿ ತರುವ ಚಿಕ್ಕ ಪತ್ರಿಕೆಗೆ ನಿಕ್ ನೈತನುಯಿ ಎಂಬ ಆಟಗಾರನ ಬಗ್ಗೆ ಬರೆಯುತ್ತಿದ್ದೇನೆ. ಫಿಜಿ ಮೂಲದ ತಂದೆತಾಯಿಯ ಮಗ, 201 ಸೆಂಟಿಮೀಟರ್ ಎತ್ತರ, ಹಾರಿದರೆ ಇನ್ನೂ ಮೇಲೆ. ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ವೆಸ್ಟ್ ಕೋಸ್ಟ್ ಈಗಲ್ಸ್ ತಂಡದ ರಕ್‌ಮನ್. ಕ್ಲಬ್ಬುಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2008ರ ಆಯ್ಕೆಯಲ್ಲಿ ದೇಶಕ್ಕೇ ಎರಡನೆಯವನಾಗಿ ಹೆಸರು ಕೂಗಿಸಿಕೊಂಡವನು. 2009ರಿಂದ 2022ರವರೆಗೆ ಆಡಿದ್ದು 213 ಪಂದ್ಯ. ಈ ಹದಿನಾಲ್ಕು ವರ್ಷದಲ್ಲಿ ಒಂದನ್ನೂ ಬಿಡದೆ ಆಡಿದ್ದರೆ ಲೆಕ್ಕ ಮುನ್ನೂರು ದಾಟುತ್ತಿತ್ತು. ನಮ್ಮ ಮನೆಯ ಜಗಳವಿರುವುದು ಆ ಉಳಿದ ಪಂದ್ಯಗಳ ಬಗ್ಗೆ. ತಂಡಕ್ಕೆ ಅವನು ದಕ್ಕಿದನೋ ದಕ್ಕಲಿಲ್ಲವೋ?

ಮೊದಲು ರಕ್‌ಮನ್ ಎಂದರೆ ಯಾರೆಂದು ಹೇಳಿಬಿಡುತ್ತೇನೆ. ಪ್ರತಿ ಕಾಲುಭಾಗದ ಆರಂಭದಲ್ಲಿ, ಪ್ರತಿ ಗೋಲಿನ ನಂತರ, ಆಟ ಮೈದಾನದ ನಟ್ಟನಡುವಿನಿಂದ ಶುರುವಾಗುತ್ತದೆ. ನೈತನುಯಿ ಆಡುತ್ತಿದ್ದ ಕಾಲದಲ್ಲಿ ಅಂಪೈರ್ ಎರಡೂ ಕೈಯಲ್ಲಿ ಚೆಂಡನ್ನು ಎತ್ತಿ ನೆಲಕ್ಕೆ ಅಪ್ಪಳಿಸುತ್ತಿದ್ದ, ಅದು ತೆಂಗಿನಕಾಯಿ ಆಕಾರದ ಚೆಂಡಾದರೂ ಹೇಗೋ ನೇರ ಮೇಲಕ್ಕೆ ಚಿಮ್ಮುತ್ತಿತ್ತು. ಎರಡೂ ಕಡೆಯಿಂದ ಒಬ್ಬೊಬ್ಬ ಉದ್ದನೆಯ ಆಳು ಓಡಿಬಂದು, ಒಂದು ಮಂಡಿಯನ್ನು ಮುಂದೆ ಮಾಡಿ ಹಾರಿ, ಎದುರಾಳಿಯ ಎದೆಗೆ ಎದೆ ಕೊಟ್ಟು, ಬೆರಳ ತುದಿಯಿಂದ ಚೆಂಡನ್ನು ಕೆಳಗೆ ಕಾದಿರುವ ತನ್ನವನ ದಾರಿಗೆ ತಟ್ಟಬೇಕು. ಹೊಡೆಯುವುದಲ್ಲ, ತಟ್ಟುವುದು. ಊರಿನಲ್ಲಿ ವಾಲಿಬಾಲ್ ಆಡಿದವರಿಗೆ ಲಿಫ್ಟರ್ ಗೊತ್ತು. ಅಂಕ ಅವನ ಹೆಸರಿಗೆ ಬರುವುದಿಲ್ಲ, ಅವನಿಲ್ಲದೆ ಅಂಕವೂ ಬರುವುದಿಲ್ಲ. ರಕ್‌ಮನ್ ಹಾಗೆಯೇ, ಆದರೆ ಪ್ರತಿ ಸಲ ಇನ್ನೊಬ್ಬ ನೂರು ಕಿಲೋ ಆಸಾಮಿ ಮೈಮೇಲೆ ಬೀಳುತ್ತಿರುತ್ತಾನೆ.

ಇಂಗ್ಲಿಷಿನ ರಕ್ ಎಂಬ ಪದಕ್ಕೆ ಹಳೆಯ ಅರ್ಥ ರಾಶಿ, ಒಟ್ಟಿಲು. ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದ ಪದ. ಆಮೇಲೆ ಜನರ ಗುಂಪಿಗೂ, ಚೆಂಡಿಗಾಗಿ ಮುಗಿಬಿದ್ದ ಆಟಗಾರರ ಗುಂಪಿಗೂ ನಿಂತಿತು. ಇದನ್ನು ಕನ್ನಡಿಸಲು ಹೊರಟರೆ ‘ರಾಶಿಯಾಳು’ ಎಂದಾಗಿ ಕಣದಲ್ಲಿ ಭತ್ತ ತೂರುವವನ ನೆನಪಾಗುತ್ತದೆ. ಬೇಡ, ವಿಕೆಟ್ ವಿಕೆಟ್ ಆಗಿಯೇ ಉಳಿದಂತೆ ರಕ್‌ಮನ್ ರಕ್‌ಮನ್ ಆಗಿಯೇ ಇರಲಿ. ನನ್ನ ತೊಡಕು ಅದಲ್ಲ.

ತೊಡಕು ಶುರುವಾದದ್ದು 2018ರ ಜುಲೈ ತಿಂಗಳಲ್ಲಿ. ಸಾಗರದಿಂದ ನಮ್ಮ ಅತ್ತೆ ಬಂದಿದ್ದರು. ಹೊರಗೆ ಚಳಿ, ಮಳೆ. ಎಲ್ಲರೂ ಟಿವಿ ಮುಂದೆ. ಮೆಲ್ಬರ್ನ್‌ನಲ್ಲಿ ಕಾಲಿಂಗ್‌ವುಡ್ ಎದುರಿನ ಪಂದ್ಯ. 2016ರ ಆಗಸ್ಟ್‌ನಲ್ಲಿ ಎಡ ಮಂಡಿಯ ಅಸ್ಥಿರಜ್ಜು ಹರಿದು, 2017 ಇಡೀ ವರ್ಷ ಹೊರಗೆ ಕುಳಿತು, 2018ರಲ್ಲಷ್ಟೇ ಮರಳಿದ್ದ ನೈತನುಯಿಗೆ ಅಂದು ಬಲ ಮಂಡಿಯದ್ದು ಹರಿಯಿತು. ನಾನು ಕೂತಲ್ಲಿಂದಲೇ ‘ಅಯ್ಯೋ, ಮತ್ತೆ ಗಾಯ’ ಎಂದೆ. ಅತ್ತೆ ಕನ್ನಡಕ ಸರಿಪಡಿಸಿಕೊಂಡು ಟಿವಿಯ ಹತ್ತಿರ ಬಾಗಿ ನೋಡಿದರು.

‘ಗಾಯ ಎಲ್ಲಿದೆ? ಒಂದು ಹನಿ ರಕ್ತವಿಲ್ಲವಲ್ಲ.’

ಅವರು ಹೇಳಿದ್ದು ಸರಿ. ಅವರ ಕನ್ನಡದಲ್ಲಿ ಚರ್ಮ ಒಡೆದು ರಕ್ತ ಬಂದರೆ ಗಾಯ. ಕಾಲು ತಿರುಚಿದರೆ ಉಳುಕು. ಒಳಗೆ ಏನೋ ಆಗಿ ಹೊರಗೆ ಕಾಣದಿದ್ದರೆ ಒಳಪೆಟ್ಟು. ಗಾಯಕ್ಕೆ ಅರಿಶಿನ, ಉಳುಕಿಗೆ ತಿಕ್ಕಿಸುವುದು, ಒಳಪೆಟ್ಟಿಗೆ ದೇವರೇ ಗತಿ. ಈ ಮೂರನ್ನೂ, ಜೊತೆಗೆ ಸ್ನಾಯುಸೆಳೆತವನ್ನೂ ಬೆನ್ನುನೋವನ್ನೂ ಒಂದೇ ‘ಗಾಯ’ದ ಚೀಲಕ್ಕೆ ತುಂಬಿದ್ದು ನಮ್ಮ ಪತ್ರಿಕೆಗಳ ಕ್ರೀಡಾಪುಟ. ‘ಗಾಯದ ಸಮಸ್ಯೆಯಿಂದ ಬಳಲುತ್ತಿರುವ’ ಎಂದು ದಿನವೂ ಓದುತ್ತೇವೆ. ಅದನ್ನು ತಪ್ಪೆನ್ನುವುದಿಲ್ಲ, ಬಳಕೆ ಗಟ್ಟಿಯಾಗಿದೆ. ಆದರೂ ನೈತನುಯಿಯ ಮಟ್ಟಿಗೆ ಒಳಪೆಟ್ಟು ಹೆಚ್ಚು ನಿಜವಾದ ಪದ ಎಂದು ನನಗೆ ಅಂದಿನಿಂದ ಅನಿಸಿದೆ. ಎಡ ಮಂಡಿ, ಬಲ ಮಂಡಿ, ಕೊನೆಗೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು. ಯಾವುದೂ ಹೊರಗಿನಿಂದ ಕಾಣುವಂಥದ್ದಲ್ಲ.

ಇನ್ನು ನೀವು ಕೊಟ್ಟ ಪದಗಳಿಗೆ ಬರುತ್ತೇನೆ.

ಗಾಯಪೀಡಿತ ಬೇಡ. ಬರಪೀಡಿತ, ಪ್ರವಾಹಪೀಡಿತ ಎಂದಾಗ ಬರ ಬಂದಾಗಿದೆ, ಪ್ರವಾಹ ಹೊಕ್ಕಾಗಿದೆ. ಇಲ್ಲಿ ಹೇಳಬೇಕಾದದ್ದು ಈಗ ಚೆನ್ನಾಗಿರುವವನಿಗೂ ನಾಳೆ ಆಗಬಹುದೆಂಬ ಭಯ. ಗಾಯಪ್ರವಣ ಅರ್ಥದಲ್ಲಿ ಸರಿಯಿದೆ, ಬಾಗಿದವನು ಎಂಬುದು ಪ್ರವಣಕ್ಕೆ ಇದ್ದೇ ಇದೆ. ಆದರೆ ಅದನ್ನು ಓದಿದ ನನ್ನ ಹೆಂಡತಿ ‘ಯಾವ ಪ್ರವಚನ?’ ಎಂದು ಕೇಳಿದಳು. ಅಲ್ಲಿಗೆ ಮುಗಿಯಿತು.

ಗಾಯಗುಳಿ ಚುರುಕಾಗಿದೆ. ಆದರೆ ‘ಗುಳಿ’ಯ ಸಹವಾಸ ಒಳ್ಳೆಯದಲ್ಲ. ಲಂಚಗುಳಿ, ಮರೆಗುಳಿ. ಲಂಚ ಕೊಳ್ಳುವವನು ಲಂಚಗುಳಿ ಎನ್ನುವಂತೆ ಇದರ ಹಿಂದೆ ‘ಕೊಳ್ಳು’ ಇದೆ ಎಂಬ ಮಾತನ್ನು ನಾನು ಒಪ್ಪುವವನು. ಹಾಗಾದರೆ ಗಾಯಗುಳಿ ಗಾಯವನ್ನು ಕೈಯೊಡ್ಡಿ ತೆಗೆದುಕೊಳ್ಳುವವನಾಗುತ್ತಾನೆ. ಇದೇ ‘ಕೊಳ್ಳು’ ನಮ್ಮ ಕ್ರಿಯಾಪದದಲ್ಲೂ ಕೂತು ಕೆಲಸ ಕೆಡಿಸುತ್ತದೆ. ‘ಅವನ ಕಾಲು ಮುರಿಯಿತು’ ಎಂದರೆ ಮರುಕ. ‘ಅವನು ಕಾಲು ಮುರಿದುಕೊಂಡ’ ಎಂದರೆ ಮರುಕದ ಜೊತೆಗೆ ಒಂದು ಚಿಟಿಕೆ ಬೈಗುಳ, ನೋಡಿ ನಡೆಯಬಾರದಿತ್ತೇ ಎಂಬ ಧ್ವನಿ. ಈ ಪತ್ರದ ಮೊದಲ ಸಾಲಿನಲ್ಲಿ ನಾನು ‘ಪೆಟ್ಟು ಮಾಡಿಕೊಂಡು’ ಎಂದು ಬರೆದಿದ್ದೆ. ಕಳಿಸುವ ಮೊದಲು ‘ಪೆಟ್ಟಾಗಿ’ ಎಂದು ತಿದ್ದಿದೆ.

ತಿದ್ದಿದ್ದಕ್ಕೆ ಕಾರಣವಿದೆ. ಮೈದಾನದ ಮಧ್ಯೆ ಈಗ ಎರಡು ವೃತ್ತಗಳಿವೆ, ಒಳಗಿನದು ಮೂರು ಮೀಟರ್, ಹೊರಗಿನದು ಹತ್ತು ಮೀಟರ್ ವ್ಯಾಸ. ಹೊರಗಿನದನ್ನು ಎಳೆದದ್ದು 2005ರಲ್ಲಿ. ಅದಕ್ಕೂ ಮೊದಲು ರಕ್‌ಮನ್‌ಗಳು ದೂರದಿಂದ ಓಡಿಬಂದು ಮಂಡಿಗೆ ಮಂಡಿ ಗುದ್ದಿ, ಮಂಡಿಯ ಹಿಂಬದಿಯ ಅಸ್ಥಿರಜ್ಜನ್ನು ಹರಿಸಿಕೊಳ್ಳುತ್ತಿದ್ದರು. ನೋಡಿ, ಮತ್ತೆ ‘ಕೊಳ್ಳು’ ಬಂತು. ಓಟಕ್ಕೆ ಆ ವೃತ್ತದ ಮಿತಿ ಹಾಕಿದ ಮೇಲೆ ಆ ಬಗೆಯ ಪೆಟ್ಟು ಕಡಿಮೆಯಾಯಿತು. ಅಂದರೆ ಅಲ್ಲಿಯವರೆಗೆ ಆಟಗಾರನ ಗುಣ ಎಂದುಕೊಂಡದ್ದರಲ್ಲಿ ಎಷ್ಟೋ ಭಾಗ ಆ ಜಾಗದ ಗುಣವಾಗಿತ್ತು. ನಮ್ಮ ಘಾಟಿ ರಸ್ತೆಗಳಲ್ಲಿ ‘ಅಪಘಾತ ವಲಯ’ ಎಂದು ಫಲಕ ಹಾಕುತ್ತಾರೆ. ಆ ಫಲಕ ಯಾವ ಲಾರಿಯನ್ನೂ ಬೈಯುವುದಿಲ್ಲ, ತಿರುವನ್ನು ತೋರಿಸುತ್ತದೆ. ನನಗೆ ಬೇಕಾದ ಪದ ಆ ಫಲಕದಂತಿರಬೇಕು.

ಉಳಿದದ್ದು ಗಾಯಾಳು. ನಾನು ಮೊದಲು ತಳ್ಳಿಹಾಕಿದ್ದು ಇದನ್ನೇ, ಏಕೆಂದರೆ ಇಂದಿನ ಬಳಕೆಯಲ್ಲಿ ‘ಗಾಯಾಳುಗಳನ್ನು ಆಸ್ಪತ್ರೆಗೆ ಸೇರಿಸಲಾಗಿದೆ’ ಎನ್ನುವಾಗ ಇರುವುದು ಆಗಿಹೋದ ಗಾಯ. ಆದರೆ ಈ ‘ಆಳು’ ಯಾವುದು? ಮನುಷ್ಯ ಎಂಬರ್ಥದ ನಮ್ಮ ಆಳೇ? ಅಥವಾ ದಯಾಳು, ನಿದ್ರಾಳುಗಳಲ್ಲಿ ಇರುವ ಸಂಸ್ಕೃತದ ಪ್ರತ್ಯಯವೇ? ಎರಡನೆಯದಾದರೆ ಕಥೆಯೇ ಬೇರೆ. ಪಾಣಿನಿ ಹೇಳುವ ಆ ‘ಆಲು’ ಪ್ರತ್ಯಯ ಸ್ವಭಾವವನ್ನು ಸೂಚಿಸುವಂಥದ್ದು. ನಿದ್ರಾಳು ಎಂದರೆ ಈಗ ಮಲಗಿರುವವನಲ್ಲ, ಎಲ್ಲಿ ಕೂರಿಸಿದರೂ ತೂಕಡಿಸುವವನು. ಅದೇ ಸೂತ್ರದಲ್ಲಿ ‘ಪತಯಾಲು’ ಎಂಬ ರೂಪಕ್ಕೂ ದಾರಿಯಿದೆ, ಬೀಳುವ ಸ್ವಭಾವದವನು ಎಂದು! ಓದಿದಾಗ ಕುರ್ಚಿಯಿಂದ ನಾನೇ ಪತಯಾಲು ಆಗುವುದರಲ್ಲಿದ್ದೆ. ಗಾಯವೇನೂ ಸಂಸ್ಕೃತದ ಆ ಪಟ್ಟಿಗೆ ಸೇರುವ ಪದವಲ್ಲ, ಗೊತ್ತು. ಆದರೆ ಕನ್ನಡದ ಕಿವಿ ದಯಾಳುವಿನ ಜಾಡಿನಲ್ಲೇ ಗಾಯಾಳುವನ್ನು ಕಟ್ಟಿರಬಹುದಲ್ಲವೇ? ಹಳೆಯ ಪ್ರಯೋಗ ಕಂಡವರು ದಯವಿಟ್ಟು ತಿಳಿಸಿ.

ಇದೆಲ್ಲ ಒಂದು ಕಡೆ. ಅತ್ತೆ ಅಂದೇ ತಮ್ಮ ಪದ ಕೊಟ್ಟಿದ್ದರು. ಮಂಜುಗಡ್ಡೆ ಕಟ್ಟಿದ ಮಂಡಿಯೊಂದಿಗೆ ಅವನು ಬೆಂಚಿನ ಮೇಲೆ ಕುಳಿತಿದ್ದನ್ನು ನೋಡಿ, ‘ಪಾಪ, ಪೆಟ್ಟಿನ ಮೈ’ ಎಂದರು. ಶೀತದ ಮೈ, ಉಷ್ಣದ ಮೈ, ನಂಜಿನ ಮೈ ಎನ್ನುತ್ತೇವಲ್ಲ, ಅದೇ ಅಚ್ಚು. ಶೀತದ ಮೈಯವನನ್ನು ಯಾರೂ ಬೈಯುವುದಿಲ್ಲ, ಮಳೆಗೆ ಹೋಗುವಾಗ ಕೊಡೆ ಕೊಡುತ್ತಾರೆ. ಇದು ನನಗೆ ಬಹಳ ಹಿಡಿಸಿತು. ಅಡ್ಡಿ ಒಂದೇ. ಏಟು ತಿಂದು ತಿಂದು ಮರಗಟ್ಟಿದ ಮೈ ಎಂಬ ಅರ್ಥವೂ ಕೆಲವರಿಗೆ ಹೊಳೆಯಬಹುದು. ನಿಮ್ಮ ಕಡೆ ಇದು ಬಳಕೆಯಲ್ಲಿದೆಯೇ?

ನನಗೆ ಇನ್ನೊಂದು ಪದವೂ ಬೇಕು, ತಂಡಕ್ಕೆ ಅವನು ಎಷ್ಟು ದಕ್ಕಿದ ಎಂದು ಹೇಳಲು. ಈ ಎರಡನೆಯ ಪದದ ತೊಂದರೆ ಬೆಲೆಯದು. ಬೆಲೆ, ಮೌಲ್ಯ, ಕಿಮ್ಮತ್ತು, ತೂಕ, ಇವುಗಳಲ್ಲಿ ಯಾವುದು? ಪಕ್ಕದ ಮನೆಯಲ್ಲಿ ಧಾರವಾಡದ ಹಿರಿಯರೊಬ್ಬರಿದ್ದಾರೆ. ಅವರ ವಾದ ಸರಳ: ‘ಕೊಟ್ಟಿಗೆಯಲ್ಲಿ ನಿಂತ ಎತ್ತಿಗೆ ಕಿಮ್ಮತ್ತಿಲ್ಲ.’ ಆಡದ ದಿನಕ್ಕೂ ಕ್ಲಬ್ ಸಂಬಳ ಕೊಟ್ಟಿದೆ, ಅವನಿಗಾಗಿ ಇಟ್ಟ ಜಾಗದಲ್ಲಿ ಇನ್ನೊಬ್ಬ ಬೆಳೆಯಬಹುದಿತ್ತು. ಅವರ ಕೈಯಲ್ಲಿ ಒಳ್ಳೆಯ ಸಾಕ್ಷಿಯೂ ಇದೆ. ಅದೇ 2018ರ ಸೆಪ್ಟೆಂಬರ್ ಫೈನಲ್‌ನಲ್ಲಿ ವೆಸ್ಟ್ ಕೋಸ್ಟ್ ಅದೇ ಕಾಲಿಂಗ್‌ವುಡ್ ತಂಡವನ್ನು 79-74ರಿಂದ ಸೋಲಿಸಿತು, ನೈತನುಯಿ ಇಲ್ಲದೆಯೇ. ರಕ್‌ನಲ್ಲಿ ಇದ್ದವರು ಸ್ಕಾಟ್ ಲೈಸೆಟ್ ಮತ್ತು ನೇಥನ್ ವಾರ್ಡಿ. ಕೊನೆಯ ನಿಮಿಷಗಳಲ್ಲಿ ಮೆಕ್‌ಗವರ್ನ್ ಹಿಡಿದ ಚೆಂಡು ವಾರ್ಡಿಗೆ, ವಾರ್ಡಿಯಿಂದ ಲಿಯಾಮ್ ರಯಾನ್‌ಗೆ, ಅಲ್ಲಿಂದ ಡಾಮ್ ಶೀಡ್ ಕೈಗೆ. ಶೀಡ್ ಗಡಿಗೆರೆಯ ಪಕ್ಕದಿಂದ ಹೊಡೆದ ಗೋಲಿನಿಂದ ಗೆಲುವು. ‘ನಿಮ್ಮವನು ಕೊಟ್ಟಿಗೆಯಲ್ಲಿದ್ದ’ ಎಂದು ಹಿರಿಯರು ಈಗಲೂ ಚುಚ್ಚುತ್ತಾರೆ. ಆ ವಾರ್ಡಿ ಹಿಂದೆ ಗೀಲಾಂಗ್ ತಂಡದಲ್ಲಿದ್ದಾಗ ತಾನೇ ಪೆಟ್ಟಿನ ಮೈಯವನೆಂದು ಹೆಸರಾಗಿದ್ದ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ನನ್ನ ವಾದ ತೂಕದ್ದು. ಎರಡು ಮಂಡಿ ರಿಪೇರಿಯಾದ ಮೇಲೆ ನೈತನುಯಿ ಪಂದ್ಯದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಮಾತ್ರ ಮೈದಾನದಲ್ಲಿರುತ್ತಿದ್ದ. ಉಳಿದವರಿಗೆ ಇದು ನಾಚಿಕೆಯ ಲೆಕ್ಕ. ಅವನು ಅಷ್ಟರಲ್ಲೇ 2020 ಮತ್ತು 2021ರಲ್ಲಿ ದೇಶದ ವರ್ಷದ ತಂಡಕ್ಕೆ ಆಯ್ಕೆಯಾದ, ಎರಡೂ ವರ್ಷ ಕ್ಲಬ್ಬಿನ ಅತ್ಯುತ್ತಮ ಆಟಗಾರನ ಪದಕ ಗೆದ್ದ. ಇಲ್ಲಿ ಸುಮ್ಮನೆ ಚೆಂಡು ತಟ್ಟಿದ್ದನ್ನು ಬೇರೆ ಎಣಿಸುತ್ತಾರೆ, ತಟ್ಟಿದ ಚೆಂಡು ತನ್ನವರ ಕೈಗೇ ಸೇರಿದ್ದನ್ನು ಬೇರೆ ಎಣಿಸುತ್ತಾರೆ. ಅವನ ಹೆಸರು ಎರಡನೆಯ ಎಣಿಕೆಯದು. ಹೊತ್ತನ್ನು ಅಳೆದರೆ ಕಿಮ್ಮತ್ತು ಕಡಿಮೆ, ಆ ಹೊತ್ತಿನಲ್ಲಿ ಆದದ್ದನ್ನು ಅಳೆದರೆ ತೂಕ ಹೆಚ್ಚು. ‘ಅವರ ಮಾತಿಗೆ ತೂಕವಿದೆ’ ಎಂದಾಗ ಎಷ್ಟು ಮಾತಾಡಿದರೆಂದು ಯಾರೂ ಗಡಿಯಾರ ನೋಡುವುದಿಲ್ಲವಲ್ಲ. ಆದ್ದರಿಂದ ಬರಹದಲ್ಲಿ ತೂಕ ಎಂದೇ ಇಟ್ಟಿದ್ದೇನೆ. ಬೆಲೆ ಎಂದರೆ ಸಂಬಳ ಎಂದು ಓದಿಕೊಳ್ಳುತ್ತಾರೆ. ಮೌಲ್ಯ ಎಂದರೆ ಶಾಲೆಯ ಗೋಡೆಯ ಮೇಲಿನ ಬರಹ ನೆನಪಾಗುತ್ತದೆ.

ಕೊನೆಗೊಂದು. ಫೈನಲ್ ದಿನ ಮೈದಾನಕ್ಕಿಳಿದ 22 ಜನರಿಗೆ ಮಾತ್ರ ಪದಕ ಸಿಕ್ಕಿತು. ಜುಲೈವರೆಗೆ ಚೆಂಡು ತಟ್ಟಿ ಗೆಲ್ಲಿಸಿದ್ದ ನೈತನುಯಿಗೆ ಇಲ್ಲ. ನಾವು ಚಿಕ್ಕಂದಿನಲ್ಲಿ ಕುಂಟೆಬಿಲ್ಲೆಗೆ, ಕಣ್ಣಾಮುಚ್ಚಾಲೆಗೆ ಪುಟ್ಟ ತಮ್ಮಂದಿರನ್ನು ಸೇರಿಸಿಕೊಳ್ಳುವಾಗ ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎನ್ನುತ್ತಿದ್ದೆವು. ಅವನದು ಅದರ ಪೂರ್ತಿ ತಿರುಗುಮುರುಗು. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಬರಹಕ್ಕೆ ಇದನ್ನೇ ತಲೆಬರಹ ಮಾಡಿದ್ದೇನೆ. ಹಿರಿಯರಿಗೆ ತೋರಿಸಿದಾಗ, ‘ಇದು ನನ್ನ ವಾದ, ನೀವು ಕದ್ದಿದ್ದೀರಿ’ ಎಂದರು. ‘ಲೆಕ್ಕಕ್ಕುಂಟು’ ಮೊದಲು ಬಂದರೆ ನನ್ನದು, ‘ಆಟಕ್ಕಿಲ್ಲ’ದ ಮೇಲೆ ಒತ್ತು ಬಿದ್ದರೆ ಅವರದು ಎಂದು ಸಮಾಧಾನ ಹೇಳಿದ್ದೇನೆ.

ಪತ್ರಿಕೆ ಮುದ್ರಣಕ್ಕೆ ಹೋಗುವುದು ಭಾನುವಾರ ಸಂಜೆ. ಸದ್ಯಕ್ಕೆ ಮೊದಲ ಸಾಲು ಹೀಗಿದೆ: ‘ನೈತನುಯಿ ಪೆಟ್ಟಿನ ಮೈಯವನು, ಅಷ್ಟೇ ತೂಕದವನು.’ ಇದನ್ನು ಓದಿದರೆ ನಿಮಗೆ ಏಟು ತಿಂದ ಕುಸ್ತಿಪಟು ಕಣ್ಣಮುಂದೆ ಬರುತ್ತಾನೋ, ಇಲ್ಲಾ ಶೀತದ ಮೈಯಂತೆ ಅರ್ಥವಾಗುತ್ತದೋ? ಮಲೆನಾಡಿನ ಆಚೆಯವರು ಉತ್ತರಿಸಿದರೆ ಹೆಚ್ಚು ಉಪಯೋಗ. ಪದೇ ಪದೇ ಕುಂಟುವ, ಆದರೆ ನೊಗಕ್ಕೆ ಕಟ್ಟಿದ ದಿನ ಎಲ್ಲಕ್ಕಿಂತ ಚೆನ್ನಾಗಿ ಎಳೆಯುವ ಎತ್ತಿಗೆ ಬಯಲುಸೀಮೆಯ ಒಕ್ಕಲು ಮನೆಗಳಲ್ಲಿ ಹೆಸರೇನಾದರೂ ಇದ್ದರೆ ಅದನ್ನೂ ಬರೆಯಿರಿ, ಹಿರಿಯರ ಕೊಟ್ಟಿಗೆಗೆ ಕಟ್ಟುವುದಿದೆ.