ಮೂರು ವಾರದಿಂದ ‘90 ಪರ್ಸೆಂಟ್ ಮುಗಿದಿದೆ’, ಪ್ಲಾನ್ ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆರು ಜನರ ಟೀಮ್ ಇಟ್ಟುಕೊಂಡು ಮೊದಲ ಸಲ ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದೇನೆ. ಹಳೇ ಸಾಫ್ಟ್‌ವೇರ್‌ನಲ್ಲಿರುವ ಡೇಟಾವನ್ನೆಲ್ಲ ಹೊಸದಕ್ಕೆ ಸಾಗಿಸುವ ಕೆಲಸ. ಶುರುವಿನಲ್ಲೇ ಗ್ಯಾಂಟ್ ಚಾರ್ಟ್ ಮಾಡಿದೆ, ಅಂದರೆ ಯಾವ ಟಾಸ್ಕ್ ಯಾವಾಗ ಶುರುವಾಗಿ ಯಾವಾಗ ಮುಗಿಯಬೇಕು ಅಂತ ಒಂದೊಂದು ಬಾರ್ ಎಳೆದು ತೋರಿಸುವ ಚಾರ್ಟ್. ಪ್ರತಿ ಸೋಮವಾರ ಒಬ್ಬೊಬ್ಬರನ್ನೂ ಎಷ್ಟಾಯಿತು ಅಂತ ಕೇಳಿ ಪರ್ಸೆಂಟ್ ತುಂಬಿಸುತ್ತೇನೆ, ತಡವಾದ ಟಾಸ್ಕ್‌ನ ಬಾರನ್ನು ಮುಂದಕ್ಕೆ ಎಳೆಯುತ್ತೇನೆ. ಈಗ ಡೇಟಾ ಸರಿಪಡಿಸುವ ಟಾಸ್ಕ್ ಮೂರು ವಾರದಿಂದ 90 ಪರ್ಸೆಂಟ್‌ನಲ್ಲೇ ನಿಂತಿದೆ. ಯಾರೂ ಸುಳ್ಳು ಹೇಳುತ್ತಿಲ್ಲ, ಎಲ್ಲರೂ ರಾತ್ರಿವರೆಗೆ ಕೂತು ಕೆಲಸ ಮಾಡುತ್ತಿದ್ದಾರೆ, ಅದನ್ನು ನೋಡಿದಾಗ ನನಗೇ ಸಂಕಟವಾಗುತ್ತದೆ. ಆದರೂ ಕೊನೇ ತಾರೀಖು ದೂರ ಹೋಗುತ್ತಲೇ ಇದೆ. ಮೇಲಿನವರು ಇನ್ನಿಬ್ಬರನ್ನು ಕೊಡ್ತೀವಿ ಅಂತಿದ್ದಾರೆ. ತಗೊಳ್ಳಲೋ ಬೇಡವೋ?

ಉತ್ತರ 1

ಮೊದಲು ಪರ್ಸೆಂಟ್ ಕೇಳುವುದನ್ನು ನಿಲ್ಲಿಸಿ. ಮಾಡುವವರಿಗೆ ಕಣ್ಣಿಗೆ ಕಾಣುವ ಕೆಲಸ ಬೇಗ ಮುಗಿಯುತ್ತದೆ. ಉಳಿದ ಹತ್ತು ಪರ್ಸೆಂಟ್‌ನಲ್ಲಿ ಏನಿದೆ ಅನ್ನೋದು ಅಲ್ಲಿಗೆ ಹೋದ ಮೇಲೇ ಗೊತ್ತಾಗುವುದು. ಅವರು ಪ್ರಾಮಾಣಿಕವಾಗಿಯೇ 90 ಅಂತಾರೆ, ಆ ಅಂಕಿಯಿಂದ ನಿಮಗೆ ಏನೂ ತಿಳಿಯುವುದಿಲ್ಲ ಅಷ್ಟೇ.

‘ಡೇಟಾ ಸರಿಪಡಿಸುವುದು’ ಒಂದೇ ಟಾಸ್ಕ್ ಆಗಿರುವುದೇ ತೊಂದರೆ. ಅದನ್ನು ಒಡೆಯಿರಿ: ಎರಡೆರಡು ಸಲ ಬಂದಿರುವ ಹೆಸರು ತೆಗೆಯುವುದು, ಖಾಲಿ ವಿಳಾಸ ತುಂಬುವುದು, ತಾರೀಖುಗಳನ್ನು ಒಂದೇ ರೂಪಕ್ಕೆ ತರುವುದು, ಹೀಗೆ. ಒಂದೊಂದೂ ಎರಡು ಮೂರು ದಿನ ಮೀರಬಾರದು. ಮುಗಿಯಿತು ಅಂದರೆ ಏನು ಅಂತ ಪಕ್ಕದಲ್ಲೇ ಬರೆದಿರಬೇಕು. ಆಮೇಲೆ ಲೆಕ್ಕ ಎರಡೇ, ಮುಗಿದಿದ್ದರೆ 100, ಇಲ್ಲದಿದ್ದರೆ ಸೊನ್ನೆ. ಮೊದಲ ವಾರ ಚಾರ್ಟ್ ನೋಡಿ ಎದೆ ಧಸಕ್ಕೆನ್ನುತ್ತದೆ, ತಡೆದುಕೊಳ್ಳಿ. ಸೋಮವಾರ ‘ಎಷ್ಟಾಯಿತು’ ಅನ್ನುವ ಬದಲು ‘ಇನ್ನೆಷ್ಟು ದಿನ ಬೇಕು’ ಅಂತ ಕೇಳಿ ನೋಡಿ, ಬರುವ ಉತ್ತರವೇ ಬೇರೆ.

ಇನ್ನೊಂದು, ಬಾರ್ ಎಳೆಯಬೇಡಿ! ಮೊದಲು ಒಪ್ಪಿಕೊಂಡ ಪ್ಲಾನನ್ನು ಬೇಸ್‌ಲೈನ್ ಅಂತ ಹಾಗೇ ಉಳಿಸಿ, ನಡೆದದ್ದನ್ನು ಅದರ ಕೆಳಗೆ ಹಾಕಿ. ಎಳೆದು ಎಳೆದು ನೀವು ಎಷ್ಟು ಜಾರಿದ್ದೀರಿ ಅನ್ನುವ ದಾಖಲೆಯನ್ನೇ ಅಳಿಸುತ್ತಿದ್ದೀರಿ.

ಉತ್ತರ 2

ಮೊದಲ ಉತ್ತರದಲ್ಲಿ ಹೇಳಿದ್ದು ಸರಿ, ಆದರೆ ಇಬ್ಬರು ಹೊಸಬರ ವಿಷಯ ಉಳಿಯಿತು ಅಲ್ವಾ. ಅದಕ್ಕೆ ಕ್ರಿಟಿಕಲ್ ಪಾತ್, ಅಂದರೆ ಒಂದು ಮುಗಿದ ಮೇಲೆ ಇನ್ನೊಂದು ಶುರುವಾಗುವ ಟಾಸ್ಕ್‌ಗಳ ಅತಿ ಉದ್ದದ ದಾರಿ ನೋಡದೆ ಉತ್ತರ ಹೇಳೋಕಾಗಲ್ಲ. ನಿಮ್ಮ ಕೆಲಸವನ್ನೇ ಚಿಕ್ಕದಾಗಿ ಹಾಕಿ ನೋಡೋಣ. ಡೇಟಾ ಸರಿಪಡಿಸೋಕೆ 6 ದಿನ. ಹೊಸ ಸಾಫ್ಟ್‌ವೇರ್ ಸಿದ್ಧ ಮಾಡೋಕೆ 4. ಎರಡೂ ಮುಗಿದ ಮೇಲೆ ಟೆಸ್ಟಿಂಗ್ 5 ದಿನ. ಸಾಫ್ಟ್‌ವೇರ್ ಸಿದ್ಧವಾದರೆ ಸಾಕು, ಬಳಸುವವರಿಗೆ ತರಬೇತಿ ಶುರು ಮಾಡಬಹುದು, ಅದು 3 ದಿನ. ಟೆಸ್ಟಿಂಗೂ ತರಬೇತಿಯೂ ಮುಗಿದ ಮೇಲೆ ಕೊನೆಗೆ ಒಂದು ದಿನ ಹಳೆಯದರಿಂದ ಹೊಸದಕ್ಕೆ ಬದಲಾವಣೆಗೆ.

ಡೇಟಾ, ಟೆಸ್ಟಿಂಗ್, ಬದಲಾವಣೆ ಈ ದಾರಿ 12 ದಿನ. ಸಾಫ್ಟ್‌ವೇರ್, ಟೆಸ್ಟಿಂಗ್, ಬದಲಾವಣೆ 10. ತರಬೇತಿಯ ದಾರಿ 8. ಅತಿ ಉದ್ದದ್ದೇ ಕ್ರಿಟಿಕಲ್ ಪಾತ್, ಪ್ರಾಜೆಕ್ಟ್ ಅದಕ್ಕಿಂತ ಬೇಗ ಮುಗಿಯಲ್ಲ. ತರಬೇತಿಗೆ 4 ದಿನ ಫ್ಲೋಟ್ ಇದೆ, ಅಂದರೆ ಅದು ಅಷ್ಟು ತಡವಾದರೂ ಕೊನೇ ತಾರೀಖಿಗೆ ಏನೂ ಆಗಲ್ಲ. ಹಾಗಿದ್ದ ಮೇಲೆ ಹೊಸಬರನ್ನು ಅಲ್ಲಿ ಕೂರಿಸಿದರೆ ಒಂದು ದಿನವೂ ಉಳಿಯಲ್ಲ. ಅವರನ್ನು ಡೇಟಾಗೆ ಹಾಕಿ 6 ದಿನವನ್ನು 3ಕ್ಕೆ ಇಳಿಸಿದಿರಿ ಅಂದುಕೊಳ್ಳಿ. ಆಗಲೂ ಒಟ್ಟು ಉಳಿಯುವುದು 2 ದಿನವೇ, ಯಾಕೆಂದರೆ ಈಗ ಸಾಫ್ಟ್‌ವೇರ್ ದಾರಿಯೇ ಉದ್ದ ಆಗಿಬಿಡುತ್ತದೆ. ಒಂದು ಕಡೆ ಕಡಿಮೆ ಮಾಡಿದ ತಕ್ಷಣ ಮತ್ತೆ ಪೂರ್ತಿ ಲೆಕ್ಕ ಹಾಕಬೇಕು, ಬಹಳ ಜನ ಇಲ್ಲೇ ಎಡವುವುದು.

ಹೊಸಬರಿಗೆ ಕಲಿಸುವವರೂ ಈಗಿರುವ ಆರು ಜನರೇ ಅನ್ನೋದು ನೆನಪಿರಲಿ. ಆರು ಜನರ ಮಧ್ಯೆ ಮಾತುಕತೆಯ ಜೋಡಿಗಳು 15, ಎಂಟು ಜನರಾದರೆ 28.

ಕ್ರಿಟಿಕಲ್ ಪಾತ್‌ನ ಲೆಕ್ಕ ಬಂದಿದ್ದು 1950ರ ದಶಕದ ಕೊನೆಯಲ್ಲಿ, ರಾಸಾಯನಿಕ ಕಂಪನಿ ಡುಪಾಂಟ್‌ನಲ್ಲಿ. ಅದೇ ಹೊತ್ತಿಗೆ ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಅನ್ನುವ ವಿಧಾನ ತಂದಿತು. ಅದರಲ್ಲಿ ನಿಮಗೆ ಬೇಕಾದ್ದೊಂದಿದೆ. ಒಂದೇ ಅಂದಾಜು ಕೇಳದೆ ಮೂರು ಕೇಳುತ್ತಾರೆ: ಎಲ್ಲ ಸರಿಹೋದರೆ 4 ದಿನ, ಸಾಮಾನ್ಯವಾಗಿ 6, ಎಲ್ಲ ಕೆಟ್ಟರೆ 14. ನಡುವಿನದನ್ನು ನಾಲ್ಕರಿಂದ ಗುಣಿಸಿ, ಮೂರನ್ನೂ ಕೂಡಿಸಿ, ಆರರಿಂದ ಭಾಗಿಸಿ. 7 ಬರುತ್ತದೆ. 14 ಯಾಕೆ ಅಂದಿರಿ ಅಂತ ಕೇಳಿದಾಗ ಬರುವ ಮಾತಿದೆಯಲ್ಲ, ಅದರ ಬೆಲೆ ಆ 7ಕ್ಕಿಂತ ಜಾಸ್ತಿ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್. ನಿನ್ನೆ ಕೂತು ಡೇಟಾ ಟಾಸ್ಕನ್ನು ಒಡೆದೆವು, 14 ತುಂಡಾಯಿತು. ಪೂರ್ತಿ ಮುಗಿದದ್ದು 8. ಉಳಿದ ಆರರಲ್ಲಿ ನಾಲ್ಕು, ಇನ್ನೊಂದು ವಿಭಾಗದವರ ಒಪ್ಪಿಗೆಗೆ ಕಾಯುತ್ತಿವೆ! ಆ ಕಾಯುವಿಕೆ ನನ್ನ ಚಾರ್ಟ್‌ನಲ್ಲಿ ಎಲ್ಲೂ ಇರಲಿಲ್ಲ. ನಮ್ಮವರು ರಾತ್ರಿ ಕೂತು ಮಾಡುತ್ತಿದ್ದದ್ದು ಮುಂದಿನ ಟಾಸ್ಕ್‌ಗಳ ಚೂರುಪಾರು ಕೆಲಸ. ಮೇಲಿನವರಿಗೆ ಇದನ್ನು ಅಂಕಿಯಲ್ಲಿ ತೋರಿಸೋದು ಹೇಗೆ?

ಉತ್ತರ 3

ಒಪ್ಪಿಗೆಗೆ ಕಾಯುವುದನ್ನೂ ಟಾಸ್ಕ್ ಅಂತಲೇ ಬರೆಯಿರಿ, ದಿನವನ್ನೂ ಯಾರು ಕೊಡಬೇಕು ಅನ್ನೋದನ್ನೂ ಹಾಕಿ.

ಅಂಕಿಗೆ ಅರ್ನ್ಡ್ ವ್ಯಾಲ್ಯೂ ಬಳಸಿ, ಅಂದರೆ ನಿಜವಾಗಿ ಮುಗಿದ ಕೆಲಸವನ್ನು ಪ್ಲಾನಿನ ಜೊತೆಗೂ ಖರ್ಚಿನ ಜೊತೆಗೂ ಹೋಲಿಸುವ ಲೆಕ್ಕ, ಸುಲಭ ಇದೆ. ಒಟ್ಟು ಕೆಲಸ 40 ಆಳು-ದಿನ (ಒಬ್ಬರು ಒಂದು ದಿನ ಮಾಡುವ ಕೆಲಸ ಒಂದು ಆಳು-ದಿನ) ಅನ್ನಿ. ಪ್ಲಾನ್ ಪ್ರಕಾರ ಇವತ್ತಿಗೆ 20 ಆಳು-ದಿನದಷ್ಟು ಕೆಲಸ ಮುಗಿದಿರಬೇಕಿತ್ತು. ನಿಜವಾಗಿ ಮುಗಿದ ಟಾಸ್ಕ್‌ಗಳ ಬೆಲೆ 15, ಅದಕ್ಕೆ ಖರ್ಚಾಗಿದ್ದು 22. 15ನ್ನು 20ರಿಂದ ಭಾಗಿಸಿದರೆ 0.75, ಇದು ವೇಗ. 15ನ್ನು 22ರಿಂದ ಭಾಗಿಸಿದರೆ 0.68, ಇದು ಖರ್ಚಿನ ಕಥೆ. ಹೀಗೇ ನಡೆದರೆ 40ರ ಕೆಲಸಕ್ಕೆ ಸುಮಾರು 59 ಆಳು-ದಿನ ಬೇಕು. ಈ ಒಂದು ಸಾಲು ಮೇಲಿನವರಿಗೆ ಸಾಕು.

ಆದರೆ ವೇಗದ ಅಂಕಿಯನ್ನು ಕೊನೆವರೆಗೂ ನಂಬಬೇಡಿ. ಎಷ್ಟೇ ತಡವಾದ ಪ್ರಾಜೆಕ್ಟ್ ಆದರೂ ಎಲ್ಲ ಮುಗಿದ ದಿನ ಅದು 1 ಅಂತಲೇ ತೋರಿಸುತ್ತದೆ, ಮಾಡಬೇಕಿದ್ದ ಕೆಲಸವೂ ಮಾಡಿದ ಕೆಲಸವೂ ಆಗ ಒಂದೇ ಆಗಿರುತ್ತದಲ್ಲ. ಜೊತೆಗೆ ಅದಕ್ಕೆ ಕ್ರಿಟಿಕಲ್ ಪಾತ್ ಗೊತ್ತಿಲ್ಲ. ಫ್ಲೋಟ್ ಇರುವ ಸುಲಭದ ಟಾಸ್ಕ್‌ಗಳನ್ನೇ ಮುಗಿಸುತ್ತಾ ಹೋದರೂ ಅಂಕಿ ಚೆನ್ನಾಗಿ ಕಾಣುತ್ತದೆ. ಈ ಅಂಕಿಯನ್ನೂ ಕ್ರಿಟಿಕಲ್ ಪಾತನ್ನೂ ಪಕ್ಕಪಕ್ಕ ಇಟ್ಟು ತೋರಿಸಿ.

ಮತ್ತೆ ಆ ಇಬ್ಬರು ಹೊಸಬರು ಈಗ ಬೇಡ. ಅವರ ಬದಲು ಆ ನಾಲ್ಕು ಒಪ್ಪಿಗೆಗಳನ್ನು ಈ ವಾರವೇ ಕೊಡಿಸಿ ಅಂತ ಮೇಲಿನವರನ್ನು ಕೇಳಿ.