ಹೊಸ ಕೇಬಲ್ ಹಾಕಿಸಿದರೂ ಹ್ಯಾಂಡ್ ಬ್ರೇಕ್ ಮತ್ತೆ ಹಿಡಿದುಕೊಳ್ಳುತ್ತಿದೆ, ತಿಳಿದವರು ದಾರಿ ತೋರಿಸಿ

ಬದಿಯಡ್ಕದಿಂದ (ಪ್ರಶ್ನೆ):
ಎರಡು ವರ್ಷಗಳಲ್ಲಿ ಇದು ಮೂರನೆಯ ಕೇಬಲ್. ಕಳೆದ ವಾರ ಲಿವರನ್ನು ಪೂರ್ತಿ ಇಳಿಸಿಯೇ ಹೊರಟಿದ್ದರೂ ಗಾಡಿ ಹಿಂದಿನಿಂದ ಯಾರೋ ಹಿಡಿದೆಳೆದಂತೆ ಸಾಗಿತು. ಕುಂಬಳೆ ತಲುಪುವಷ್ಟರಲ್ಲಿ ಸುಟ್ಟ ವಾಸನೆ ಬರತೊಡಗಿತು. ಅಮ್ಮನನ್ನು ಚಿಕಿತ್ಸೆಗಾಗಿ ವಾರಕ್ಕೆರಡು ಬಾರಿ ಮಂಗಳೂರಿಗೆ ಕರೆದೊಯ್ಯಬೇಕಾದ ನನಗೆ ಈ ಗಾಡಿಯ ಮೇಲೆ ಈಗ ಸ್ವಲ್ಪವೂ ಧೈರ್ಯವಿಲ್ಲ. ಕೇಬಲ್ ಬದಲಾಯಿಸುವುದನ್ನು ಬಿಟ್ಟು ಬೇರೆ ಉಪಾಯವಿದ್ದರೆ ತಿಳಿಸಿ.

ಕುಂಬಳೆಯಿಂದ:
ಕೇಬಲ್ ಒಣಗಿರುವುದೇ ಕಾರಣ. ಅದನ್ನು ಕಳಚಿ, ಒಂದು ತುದಿಯನ್ನು ಎತ್ತರದಲ್ಲಿ ಕಟ್ಟಿ, ಪ್ಲಾಸ್ಟಿಕ್ ಚೀಲವನ್ನು ಆಲಿಕೆಯಂತೆ ಸುತ್ತಿ ರಾತ್ರಿಯಿಡೀ ಎಂಜಿನ್ ಆಯಿಲ್ ಇಳಿಯಲು ಬಿಡಿ. ನನ್ನ ಬೈಕಿನ ಕ್ಲಚ್ ಕೇಬಲನ್ನು ಹೀಗೆಯೇ ವರ್ಷಗಟ್ಟಲೆ ಕಾಪಾಡಿಕೊಂಡಿದ್ದೇನೆ.

ಮಂಜೇಶ್ವರದಿಂದ:
ಎಣ್ಣೆಯ ಮಾತಿಗೆ ಮೊದಲು ಕೆಲವು ವಿಷಯ ತಿಳಿಯಬೇಕು. ಹಿಂದಿನ ಚಕ್ರಗಳಲ್ಲಿ ಇರುವುದು ಡ್ರಮ್ ಬ್ರೇಕೋ ಡಿಸ್ಕ್ ಬ್ರೇಕೋ? ಬಿಸಿಯಾಗುವುದು ಯಾವ ಬದಿಯ ಚಕ್ರ? ರಾತ್ರಿ ಗಾಡಿ ನಿಲ್ಲುವುದು ಎಲ್ಲಿ? ಇವುಗಳಲ್ಲಿ ಒಂದನ್ನೂ ನೀವು ಬರೆದಿಲ್ಲ. ಇನ್ನೊಂದು ಮಾತು: ಸುಟ್ಟ ವಾಸನೆ ಬರುತ್ತಿರುವ ಗಾಡಿಯಲ್ಲಿ ದಯವಿಟ್ಟು ಅಮ್ಮನನ್ನು ಕೂರಿಸಬೇಡಿ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ಆದರೆ ಅದು ಗಾಳಿಯ ತೇವವನ್ನು ಹೀರಿಕೊಂಡಂತೆ ಆ ಮಿತಿ ಬಹಳ ಕೆಳಗಿಳಿಯುತ್ತದೆ. ಉಜ್ಜುತ್ತಲೇ ಓಡುವ ಡ್ರಮ್ಮಿನ ಬಿಸಿಗೆ ಅದು ಕುದಿದರೆ ಕಾಲಿನ ಬ್ರೇಕ್ ಕೂಡ ಮೆತ್ತಗೆ ಒಳಕ್ಕೆ ಹೋಗಿಬಿಡುತ್ತದೆ.

ಉಪ್ಪಳದಿಂದ:
ನಮ್ಮ ಕರಾವಳಿಯಲ್ಲಿ ಇದಕ್ಕೆಲ್ಲ ಉಪ್ಪುಗಾಳಿಯೇ ಮೂಲ. ನನ್ನ ಜೀಪಿನ ಅಡಿಭಾಗಕ್ಕೆ ಪ್ರತಿ ಮೇ ತಿಂಗಳಲ್ಲಿ ತುಕ್ಕುನಿರೋಧಕ ಬಳಿಸುತ್ತೇನೆ, ಇಂದಿಗೂ ಒಂದು ಬೋಲ್ಟ್ ಕೆಂಪಾಗಿಲ್ಲ.

ಮಂಜೇಶ್ವರದಿಂದ:
ಬದಿಯಡ್ಕ ಕಡಲ ದಂಡೆಯ ಊರಲ್ಲ. ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬೀಳುವ ಕಾಸರಗೋಡು ಜಿಲ್ಲೆಯಲ್ಲಿ ತುಕ್ಕಿಗೆ ಉಪ್ಪು ಬೇಕೆಂದೇನೂ ಇಲ್ಲ, ನೀರೊಂದೇ ಸಾಕು.

ಉಪ್ಪಳದಿಂದ:
ಗಾಳಿ ಊರಿನ ಗಡಿ ನೋಡಿ ನಿಲ್ಲುವುದಿಲ್ಲ. ಅವರ ಗಾಡಿ ವಾರಕ್ಕೆರಡು ಬಾರಿ ಹೆದ್ದಾರಿ 66ರಲ್ಲಿ ಕಡಲಿನ ಬದಿಯಲ್ಲೇ ಓಡುತ್ತಿದೆ ಎಂಬುದನ್ನೂ ಗಮನಿಸಿ.

ಕುಂಬಳೆಯಿಂದ:
ಉಪ್ಪಾಗಲಿ ಮಳೆಯಾಗಲಿ, ಎಣ್ಣೆ ಇಳಿಸಿದರೆ ಎರಡಕ್ಕೂ ಪರಿಹಾರವಾಯಿತು ಎಂದೇ ನಾನು ಹೇಳುತ್ತಿರುವುದು.

ಬದಿಯಡ್ಕದಿಂದ:
ವಿವರ ಬಿಟ್ಟದ್ದಕ್ಕೆ ಕ್ಷಮಿಸಿ. 2012ರ ಸಣ್ಣ ಕಾರು, ಹಿಂದೆ ಡ್ರಮ್ ಬ್ರೇಕ್, ಪ್ರತಿ ಸಲವೂ ಬಿಸಿಯಾಗುವುದು ಎಡಚಕ್ರವೇ. ಮನೆ ಗುಡ್ಡೆಯ ಮೇಲಿದೆ, ಅಂಗಳ ಇಳಿಜಾರು, ಆದ್ದರಿಂದ ರಾತ್ರಿಯೆಲ್ಲ ಹ್ಯಾಂಡ್ ಬ್ರೇಕ್ ಎಳೆದೇ ಇರುತ್ತದೆ.

ಮುಳ್ಳೇರಿಯದಿಂದ:
ಸದಾ ಒಂದೇ ಬದಿ ಹಿಡಿಯುತ್ತದೆ ಎಂದಾದರೆ ಹವೆಯನ್ನು ದೂರುವ ಬದಲು ಆ ಬದಿಯ ಅಡಿಗೆ ಇಣುಕಿ ನೋಡುವುದು ಒಳ್ಳೆಯದು. ಸಮತಟ್ಟಾದ ಜಾಗದಲ್ಲಿ ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಲಿವರ್ ಇಳಿಸಿ ಡ್ರಮ್ ಕಳಚಿ. ಒಳಗೆ ಶೂವಿನ (ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಬಾಗಿದ ಪಟ್ಟಿಯ) ಲಿವರಿನಿಂದ ಕೇಬಲ್ ತುದಿಯನ್ನು ಬಿಡಿಸಿ, ಆ ಲಿವರನ್ನು ಕೈಯಿಂದ ಆಡಿಸಿ. ಅದು ಸಲೀಸಾಗಿ ಹೋಗಿ ಮರಳಿದರೆ ದೋಷ ಕೇಬಲಿನದು. ಅದೇ ಬಿಗಿಯಾಗಿದ್ದರೆ ನೀವು ಮೂರು ಕೇಬಲನ್ನೂ ಸುಮ್ಮನೆ ಬದಲಾಯಿಸಿದಂತಾಯಿತು. ಬಳಿಕ ಕೇಬಲಿನ ಇಡೀ ದಾರಿಯನ್ನು ಬೆರಳಿನಿಂದ ಸವರಿಕೊಂಡು ಹೋಗಿ. ಜೋತು ಬಿದ್ದ ಜಾಗ ಸಿಕ್ಕಿದರೆ ನೀರು ನಿಲ್ಲುವುದು ಅಲ್ಲಿಯೇ.

ಎಣ್ಣೆಯ ಬಗ್ಗೆ: ಇಂದಿನ ಅನೇಕ ಕೇಬಲುಗಳ ಒಳಗೆ ನೈಲಾನಿನಂಥ ನುಣುಪಾದ ಪದರ ಇರುತ್ತದೆ. ಎಣ್ಣೆ ಸುರಿದರೆ ಕೆಲವು ದಿನ ಹಗುರವಾಗಿ ಆಡೀತು, ಆದರೆ ಕೆಮ್ಮಣ್ಣಿನ ಧೂಳು ಅದಕ್ಕೆ ಅಂಟಿ ಉಜ್ಜುವ ಮಣ್ಣಾಗುತ್ತದೆ. ಎಣ್ಣೆ ಇಳಿದು ಶೂಗಳಿಗೆ ತಾಗಿದರೆ ಆ ಚಕ್ರದ ಬ್ರೇಕೇ ನಂಬಿಕೆಗೆ ಬಾರದಂತಾಗುತ್ತದೆ. ಬೈಕಿನ ಕ್ಲಚ್ಚಿನಲ್ಲಿ ಆ ಅಪಾಯವಿಲ್ಲ.

ಬದಿಯಡ್ಕದಿಂದ:
ನೀವು ಹೇಳಿದಂತೆಯೇ ಮಾಡಿದೆ. ಒಳಗಿನ ಲಿವರ್ ಬೆರಳಿಗೆ ಸುಲಭವಾಗಿ ಆಡಿತು. ಹಿಂದಿನ ಆಕ್ಸಿಲ್ (ಚಕ್ರಗಳ ಅಚ್ಚು) ಹತ್ತಿರ ಕೇಬಲನ್ನು ಹಿಡಿದಿಡುವ ಕ್ಲಿಪ್ ಇರಬೇಕಾದಲ್ಲಿ ಬರೀ ಬೋಲ್ಟಿನ ತೂತು ಮಾತ್ರ ಇದೆ. ಬಲಬದಿಯಲ್ಲಿ ಕ್ಲಿಪ್ ಸರಿಯಾಗಿಯೇ ಇದೆ. ಜೋತ ಕೇಬಲ್ ಆಕ್ಸಿಲಿಗೆ ಉಜ್ಜಿ ಹೊರಗಿನ ಕರಿ ಪ್ಲಾಸ್ಟಿಕ್ ಹೆಬ್ಬೆರಳಗಲ ಸವೆದುಹೋಗಿದೆ, ಒಳಗಿನ ಉಕ್ಕಿನ ಸುರುಳಿ ತುಕ್ಕು ಹಿಡಿದು ಕಾಣುತ್ತಿದೆ. ಕಳಚಿ ಲಂಬವಾಗಿ ಎತ್ತಿ ಹಿಡಿದಾಗ ತುದಿಯಿಂದ ಚಹಾದ ಬಣ್ಣದ ನೀರು ತೊಟ್ಟಿಕ್ಕಿತು. ಮೂರು ಸಲವೂ ಕ್ಲಿಪ್ ಇಲ್ಲದೆಯೇ ಹೊಸ ಕೇಬಲ್ ಹಾಕಿದ್ದರು ಎಂದು ಈಗ ಅರ್ಥವಾಗಿ ಮನಸ್ಸಿಗೆ ಬಹಳ ಬೇಸರವಾಯಿತು.

ಮುಳ್ಳೇರಿಯದಿಂದ:
ಕ್ಲಿಪ್ ಮತ್ತು ಕೇಬಲ್ ಎರಡನ್ನೂ ಹಾಕಿಸಿ, ತುದಿಯ ರಬ್ಬರ್ ಮುಚ್ಚಳ ಹರಿದಿಲ್ಲವೆಂದು ನೀವೇ ನಿಂತು ನೋಡಿ. ಮೊದಲು ಶೂಗಳಿಗೂ ಡ್ರಮ್ಮಿಗೂ ನಡುವಿನ ಅಂತರ ಹೊಂದಿಸಿ, ಆಮೇಲೆ ಕೇಬಲಿನ ಬಿಗಿ. ಈ ಕ್ರಮ ತಪ್ಪಬಾರದು. ಬಿಸಿಗೆ ಶೂ ಗಾಜಿನಂತೆ ಹೊಳಪಾಗಿದ್ದರೆ ಎರಡೂ ಬದಿಯದನ್ನು ಬದಲಾಯಿಸಿ. ಬ್ರೇಕ್ ಆಯಿಲ್ ಕೂಡ ಹೊಸದಾಗಲಿ.

ಬದಿಯಡ್ಕದಿಂದ:
ಆಗಲಿ. ಕ್ಲಿಪ್ ಬಿಡಿಯಾಗಿ ಕಾಸರಗೋಡಿನಲ್ಲಿ ಸಿಗಲಿಲ್ಲ, ಮಂಗಳೂರಿನಿಂದ ತರಿಸುತ್ತಿದ್ದೇನೆ. ಅದು ಬರುವ ತನಕ ಗಾಡಿ ಅಂಗಳದ ಮೇಲ್ಬದಿಯ ಸಮತಟ್ಟಿನಲ್ಲಿ, ಗೇರಿನಲ್ಲಿ, ಚಕ್ರಕ್ಕೆ ಮುರಕಲ್ಲು ಕೊಟ್ಟು ನಿಂತಿದೆ. ಅಮ್ಮನಿಗೆ ನಾಳೆ ನೆರೆಮನೆಯವರ ಕಾರು.