ಪಕ್ಷ ಯಾವುದೇ ಇರಲಿ, ಮಾತು ಬಿಡೋದು ಬೇಡ

ಸುಮಾ, ಈಗಷ್ಟೇ ಕೆಲಸ ಮುಗಿಸಿ ಕೂತೆ, ನಿನ್ನ ಮೆಸೇಜು ನೋಡಿದೆ. ನಿಮ್ಮನೆ ಚಿನ್ಮಯ ಆ ರಾಜಕೀಯ ಸಂಘಟನೆ ಸೇರಿದ ಮೇಲೆ ಗೆಳೆಯ ಶರತನ ಹತ್ರ ಮಾತು ಬಿಟ್ಟಿದಾನೆ, ಶರತನ ಅಕ್ಕನ ಮದುವೆಗೂ ಹೋಗಲ್ಲ ಅಂತಾನೆ, ಏನು ಮಾಡ್ಲಿ ಅತ್ತೆ ಅಂತ ಕೇಳಿದೀಯ. ಒಂದನೇ ಕ್ಲಾಸಿಂದ ಒಂದೇ ಬೆಂಚಲ್ಲಿ ಕೂತ ಹುಡುಗರು ಮಾರಾಯ್ತಿ. ಪಕ್ಷ ಯಾವುದು ಬೇಕೋ ಅದಿರಲಿ. ಮಾತು ಬಿಡೋದಕ್ಕೆ ಮಾತ್ರ ಬಿಡಬೇಡ.

ನಮ್ಮಪ್ಪಂದು, ಪಕ್ಕದ ಕೆಳಮನೆಯವರದ್ದು ಜಗಳ ನಿಮಗೆಲ್ಲ ಗೊತ್ತಿದ್ದದ್ದೇ. 1978ರ ನವೆಂಬರ್, ಚಿಕ್ಕಮಗಳೂರು ಉಪಚುನಾವಣೆ. ಕಾಂಗ್ರೆಸ್ ಸಂಸದ ಡಿ.ಬಿ. ಚಂದ್ರೇಗೌಡ್ರು ಬಿಟ್ಟುಕೊಟ್ಟ ಸೀಟಿಗೆ ಇಂದಿರಾ ಗಾಂಧಿ ನಿಂತಿದ್ರು, ಎದುರಿಗೆ ಜನತಾ ಪಕ್ಷದಿಂದ ವೀರೇಂದ್ರ ಪಾಟೀಲ್ರು. ಅಪ್ಪ ಜನತಾ, ಕೆಳಮನೆಯವರು ಇಂದಿರಾ ಕಡೆ. ಅಲ್ಲಿವರೆಗೆ ಎಷ್ಟು ಜಗಳ ಆಡಿದ್ರೂ ಒಂದೇ ತಟ್ಟೆಯಿಂದ ಎಲೆಅಡಿಕೆ ಕವಳ ಹಾಕ್ತಿದ್ರು. ಆ ಸಲ ಪ್ರಚಾರಕ್ಕೆ ಬಂದ ಯಾರೋ ಜಗಲಿ ಮೇಲೇ ಅಪ್ಪನ್ನ ದೇಶದ್ರೋಹಿ ಅಂದ. ಕೆಳಮನೆಯವರು ಬಾಯಿ ಬಿಡಲಿಲ್ಲ. ಅವತ್ತಿಗೆ ಮಾತು ನಿಂತಿತು.

ನವೆಂಬರ್ ಅಂದ್ರೆ ಅಡಿಕೆ ಕೊಯ್ಲು. ಎರಡೂ ಮನೆಗೆ ಮುಯ್ಯಾಳು ಇತ್ತಲ್ಲ, ಇವರ ಕೆಲಸಕ್ಕೆ ಅವರು, ಅವರ ಕೆಲಸಕ್ಕೆ ಇವರು. ಅಡಿಕೆ ಸುಲಿಯೋ ಮೆಟ್ಟುಗತ್ತಿ ನಮ್ಮದು ಆರು, ಅವರದ್ದು ಎಂಟು, ರಾತ್ರಿಯೆಲ್ಲ ಕೂತು ಸುಲೀತಿದ್ರು. ಆ ವರ್ಷ ಅವರು ಬರಲಿಲ್ಲ, ಇವರು ಕರೀಲಿಲ್ಲ. ಹಸಿ ಅಡಿಕೆ ಎರಡು ಮೂರು ದಿನದೊಳಗೆ ಸುಲಿದು ಚೊಗರಲ್ಲಿ, ಅಂದ್ರೆ ಮೊದಲು ಅಡಿಕೆ ಬೇಯಿಸಿದ ಕೆಂಪು ನೀರಲ್ಲಿ, ಬೇಯಿಸಬೇಕು, ತಡ ಆದ್ರೆ ಬಣ್ಣ ಬರಲ್ಲ, ಮಂಡಿಯಲ್ಲಿ ದರ ಬೀಳ್ತದೆ. ಆರು ಕತ್ತಿಗೆ ಎಲ್ಲಿ ಮುಗೀತದೆ? ಅಂಗಳದ ರಾಶಿಯೊಳಗೆ ಕೈ ಹಾಕಿದ್ರೆ ಬೆಚ್ಚಗೆ, ಹುಳಿ ವಾಸನೆ. ಕೆಳಮನೆ ಅಂಗಳದಲ್ಲೂ ಅದೇ ಕಥೆ.

ಇಂದಿರಾ ಎಪ್ಪತ್ತೇಳು ಸಾವಿರಕ್ಕೂ ಹೆಚ್ಚು ಮತದಿಂದ ಗೆದ್ರು. ಪಾಟೀಲ್ರು 1980ರಲ್ಲಿ ಅದೇ ಇಂದಿರಾ ಸಂಪುಟದಲ್ಲಿ ಮಂತ್ರಿ ಆದ್ರು, 1989ರಲ್ಲಿ ಕಾಂಗ್ರೆಸ್ಸಿಂದ ಮುಖ್ಯಮಂತ್ರಿ. ಚಂದ್ರೇಗೌಡ್ರು 2009ರಲ್ಲಿ ಬಿಜೆಪಿಯಿಂದ ಗೆದ್ದು ಲೋಕಸಭೆಗೆ ಹೋದ್ರು. ಅಪ್ಪ, ಕೆಳಮನೆಯವರು ಮಾತ್ರ ಸಾಯೋವರೆಗೂ ಸಂಕದ (ಕಾಲುಸೇತುವೆ) ಮೇಲೆ ಎದುರಾದ್ರೆ ಮುಖ ತಿರುಗಿಸ್ತಿದ್ರು. ಅದಕ್ಕೇ ಮತ್ತೆ ಹೇಳ್ತೀನಿ ಸುಮಾ, ಪಕ್ಷ ಇರಲಿ, ಮಾತು ಬಿಡೋಕೆ ಬಿಡಬೇಡ.

ನಮ್ಮ ಮನೆಯವರ ಈ ವಾಟ್ಸಾಪ್ ಗುಂಪಲ್ಲಿ ಹೇಳಿದ್ದು ಯಾರಿಗೆ ಕೇಳ್ತದೋ. ಹೋದ ತಿಂಗಳು ಅಪ್ಪನ ತಿಥಿ ಅಂತ ಎರಡು ಸಲ ಹಾಕಿದೆ, ಒಬ್ಬರೂ ಫೋನ್ ಮಾಡಲಿಲ್ಲ. ಅದೇ ದಿನ ರಾಜಕೀಯದ ಫಾರ್ವರ್ಡು ಹನ್ನೊಂದು ಬಂದ್ವು, ಎಣಿಸಿದೀನಿ. ಬಾಳೆ ಎಲೆ ಕೊಯ್ದು ತಂದುಕೊಟ್ಟಿದ್ದು ಯಾರು ಗೊತ್ತಾ, ಕೆಳಮನೆ ಮೊಮ್ಮಗ. ನಮ್ಮವರು ಒಬ್ಬರೂ ಇಲ್ಲ. ನಂಗೆ ತುಂಬ ಬೇಜಾರಾಯ್ತು.

ಅಯ್ಯೋ, ನೀನು ಕೇಳಿದ್ದೇ ಮರ್ತುಹೋಯ್ತು. ನೋಡು, ಚಿನ್ಮಯನ ಹತ್ರ ನಿನ್ನ ಪಕ್ಷ ಸರಿ ಇಲ್ಲ ಅಂತ ಶುರು ಮಾಡಬೇಡ, ಇನ್ನೂ ಗಟ್ಟಿ ಹಿಡ್ಕೊಳ್ತಾನೆ. ಶರತ ಹೇಳೋದೇನು, ಶರತನೇ ಹೌದು ಅನ್ನೋ ಹಾಗೆ ಹೇಳು ನೋಡೋಣ ಅಂತ ಕೇಳು. ಬೈಗುಳ ಮಾತ್ರ ಬಂದ್ರೆ ಅವನು ಒಂದೇ ಕಡೆ ಮಾತು ಕೇಳ್ತಿದಾನೆ ಅಂತ ತಿಳ್ಕೋ. ಜೋರಾಗಿ ವಾದ ಮಾಡಿದ್ರೆ ಹೆದರಬೇಡ. ಆ ಸಂಘಟನೆಯವರು ಮನೇಲಿ ಹೇಳಬೇಡ ಅಂತಾರಾ, ಹಳೇ ಗೆಳೆಯರನ್ನ ಬಿಡಿಸ್ತಿದಾರಾ, ಎದುರಿನವರನ್ನ ಹುಳ ಹುಪ್ಪಟೆ ಅಂತ ಕರೀತಾರಾ, ಇದನ್ನ ನೋಡು. ಹೊಡೆಯೋ ಮಾತು ಬಂತೋ, ಅವತ್ತೇ ಮನೆಗೆ ಕರೆಸ್ಕೋ. ಇಂಥ ದಿನ ಇಂಥ ಜಾಗ ಅಂತ ಗೊತ್ತಾದ್ರೆ 112ಕ್ಕೆ ಫೋನ್ ಮಾಡೋಕೆ ಹಿಂದೆಮುಂದೆ ನೋಡಬೇಡ.

ಆ ಸಂಘಟನೆಯ ವಾಟ್ಸಾಪ್ ಗುಂಪು ಬಿಡು ಅನ್ನಬೇಡ, ಒಂದು ವಾರ ಮ್ಯೂಟ್ ಮಾಡು ಅನ್ನು. ಜೋಡಿ ಬಾಣದ ಗುರುತು ಇದ್ರೆ ಆ ಮೆಸೇಜು ಐದು ಕೈಯಾದ್ರೂ ದಾಟಿ ಬಂದದ್ದು, ಕಳಿಸಿದವನಿಗೂ ಮೂಲ ಗೊತ್ತಿರಲ್ಲ. ಫೋಟೋ ಯಾವ ಊರಿಂದು, ಯಾವ ವರ್ಷದ್ದು ಅಂತ ಹುಡುಕದೆ ಮುಂದೆ ಕಳಿಸಬಾರದು.

ಶರತನ ಹತ್ರ ಟೈಪ್ ಮಾಡಿ ಸರಿ ಮಾಡ್ಕೊಳ್ಳೋಕೆ ಹೋದ್ರೆ ಮತ್ತೆ ಜಗಳವೇ. ಎದುರಾಬದುರು ಸಿಗಬೇಕು, ಕೈಯಲ್ಲಿ ಕೆಲಸ ಇರಬೇಕು. ಶರತನ ಅಮ್ಮಂಗೆ ನಾಳೆ ಎಂಟು ಗಂಟೆಗೆ ನಾನೇ ಫೋನ್ ಮಾಡ್ತೀನಿ, ಮದುವೇಲಿ ಬಡಿಸೋಕೆ ಚಿನ್ಮಯ ಬೇಕು ಅಂತ ಅವರೇ ಕರೀಲಿ. ಚಪ್ಪರ ಹಾಕೋದು ಗುರುವಾರ ಅಂತೆ. ಬುಧವಾರ ರಾತ್ರಿ ಬಸ್ಸಿಗೆ ಹತ್ತಿಸು ಅವನನ್ನ.